ಹೆಣ್ಮಕ್ಕಳ ಗಾಡಿಯ ಒತ್ತು

ಹತ್ತು ವರ್ಷ ಕಂಡವರ ಗಾಡಿ ಓಡಿಸಿದ ಡ್ರೈವರಮ್ಮ ಕೊನೆಗೂ ಸ್ವಂತ ವ್ಯಾನು ತಗೊಂಡಿದ್ದಳು. ನಾಳೆ ಬೆಳಿಗ್ಗೆ ಗಾರ್ಮೆಂಟ್ಸ್ ಹೆಂಗಸರನ್ನು ಹತ್ತಿಸಿಕೊಂಡು ಮೊದಲ ಟ್ರಿಪ್ಪು. ಸ್ಟಿಕ್ಕರ್ ಅಂಗಡಿಯ ಮುಂದೆ ಅವಳು ನಿಂತಲ್ಲಿ ನಿಲ್ಲದೆ ವ್ಯಾನನ್ನು ಸುತ್ತುತ್ತಿದ್ದಳು.

ಬಾಗಿಲ ಮೇಲೆ 'ಹೆಣ್ಮಕ್ಕಳ ಗಾಡಿ' ಎಂದು ಅಂಟಿಸುವಾಗ ಮಕಾರದ ಒತ್ತು ಸರಿಯಾಗಿ ಹಿಡಿಕೆಯ ಗುಳಿಗೇ ಬಿತ್ತು. ಸ್ಟಿಕ್ಕರಿನವನು ಅದನ್ನು ಬ್ಲೇಡಿನಿಂದ ಕೊಯ್ದು ಬಿಸಾಕಿದ.

"ಒಂದು ಒತ್ತು ತಾನೆ ಅಕ್ಕಾ, ಯಾರು ನೋಡ್ತಾರೆ?"

"ಈಗ ಓದು ಪುಣ್ಯಾತ್ಮ."

"ಹೆಣ..." ಅವನು ಬ್ಲೇಡು ಕೆಳಗಿಟ್ಟ.

"ಹೆಣದ ಗಾಡಿಗೆ ನಾಳೆ ಯಾವಳು ಹತ್ತುತಾಳೆ? ಕಿತ್ತು ಮೇಲಕ್ಕೆ ಅಂಟಿಸು."

"ಕಿತ್ತದ್ದು ಮತ್ತೆ ಅಂಟಲ್ಲಕ್ಕಾ. ಹೊಸದೇ ಕತ್ತರಿಸಬೇಕು."

"ಕತ್ತರಿಸು. ನಾನಂತೂ ಸುತ್ತುತಾ ಇರ್ತೀನಿ."

ಅವನು ಬಿಸಿಗಾಳಿ ಊದುವ ಹೀಟ್ ಗನ್ ಹಿಡಿದು ಹಳೆಯದನ್ನು ಸುಲಿದು, ಗೇಣು ಮೇಲೆ ಹೊಸದನ್ನು ಅಂಟಿಸಿದ. ಒತ್ತನ್ನು ಮಾತ್ರ ಅವಳೇ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದಳು.

"ಹೂಂ, ಈಗ ಜೀವ ಬಂತು."