ಫೆಲಿಕ್ಸ್ ಪೊರ್ಬುಗಳ ಎಡಗಡೆ

ಅಂಗಿಯ ಗುಂಡಿಯೊಂದು ಕಳಚಿ ಬಿತ್ತು. ಹೆಂಡತಿ ಊರಿಗೆ ಹೋಗಿ ಎರಡು ವಾರವಾಗಿತ್ತು. ಮಗಳನ್ನು ಕರೆಯಬಹುದಿತ್ತು, ಆದರೆ ಅವಳು ಫೋನು ಬಿಟ್ಟು ಏಳುವಷ್ಟರಲ್ಲಿ ಇನ್ನೊಂದು ಗುಂಡಿಯೂ ಬಿದ್ದೀತೆಂದು ನಾನೇ ಸೂಜಿ ದಾರ ಹಿಡಿದು ಕಿಟಕಿಯ ಬಳಿ ಕುಳಿತೆ. ದಾರದ ತುದಿಯನ್ನು ನಾಲಗೆಗೆ ತಾಗಿಸಿ ಚೂಪು ಮಾಡಿದೆ, ಒಂದು ಕಣ್ಣು ಮುಚ್ಚಿದೆ, ಉಸಿರನ್ನೂ ಬಿಗಿಹಿಡಿದೆ. ಹತ್ತು ಸಲ ಪ್ರಯತ್ನಿಸಿದರೂ ದಾರ ತೂತಿನ ಪಕ್ಕದಲ್ಲೇ ಹಾದುಹೋಯಿತು. ಐವತ್ತು ದಾಟಿದ ಮೇಲೆ ಇದೇನೂ ದೊಡ್ಡ ವಿಷಯವಲ್ಲ, ನಿಮಗೂ ಆಗಿರುತ್ತದೆ. ಇಂಥದ್ದಕ್ಕೆ ನಗುವ ಅಭ್ಯಾಸ ನನ್ನದು. ಅಂದು ಮಾತ್ರ ನಗು ಬರಲಿಲ್ಲ. ಫೆಲಿಕ್ಸ್ ಪೊರ್ಬುಗಳು ನೆನಪಾದರು.

ಪೊರ್ಬು ಎಂದರೆ ನಾವು ತುಳುವರು ಮಂಗಳೂರಿನ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹೆಸರು. ಅವರು ಮನೆಯಲ್ಲಿ ಕೊಂಕಣಿಯವರಾದರೂ ನನ್ನೊಡನೆ ತುಳುವಿನಲ್ಲೇ ಮಾತಾಡುತ್ತಿದ್ದರು. ಆರು ವರ್ಷದ ಹಿಂದೆ, ನಾನು ಹೇಳುತ್ತಿರುವ ಕಾಲದಲ್ಲಿ, ಅವರಿಗೆ ಐವತ್ತೆಂಟು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷ ಇಲ್ಲಿ, ಕುವೈತಿನಲ್ಲೇ ಕಳೆದಿತ್ತು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ. ದೊಡ್ಡವಳಿಗೆ ಮದುವೆಯಾಗಿತ್ತು, ಚಿಕ್ಕವಳು ನರ್ಸಿಂಗ್ ಓದುತ್ತಿದ್ದಳು. ಪೊರ್ಬುಗಳು ತಮ್ಮ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿಯ, ವ್ಯಾನಿನಲ್ಲಿ ಸಾಲ್ಮಿಯಾ ಮತ್ತು ರುಮೈಥಿಯಾ ಬಡಾವಣೆಗಳ ಹನ್ನೆರಡು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದರು. ಆ ಹನ್ನೆರಡರಲ್ಲಿ ಒಬ್ಬಳು ನನ್ನ ಮಗಳು, ಆಗ ಮೂರನೇ ಕ್ಲಾಸು.

ನನ್ನದು ಮಲ್ಪೆಯ ಕಡೆ, ಮನೆ ಕಡಲ ಬದಿಯಲ್ಲೇ. ಹಾಗಾಗಿ ಮೀನಿನ ವಿಷಯ ನನಗೆ ಅರೆದು ಕುಡಿದಷ್ಟು ಗೊತ್ತೆಂದು ಇಲ್ಲಿಯ ಗೆಳೆಯರೆಲ್ಲ ನಂಬಿದ್ದಾರೆ. ನಿಜ ಹೇಳಬೇಕೆಂದರೆ ಮೀನನ್ನು ನಾನು ಸರಿಯಾಗಿ ನೋಡಿದ್ದು ಬಟ್ಟಲಿನಲ್ಲಿ ಮಾತ್ರ. ನನ್ನ ಕೆಲಸ ಆಫೀಸಿನಲ್ಲಿ ಕಾಗದಗಳಿಗೆ ಮೊಹರು ಹಾಕಿಸಿಕೊಂಡು ಬರುವುದು. ಪೊರ್ಬುಗಳು ಮೊದಲ ಸಲ ಗಾಳ ಹಾಕಲು ಕರೆದಾಗ, ಬರುವುದಿಲ್ಲವೆಂದರೆ ಊರಿನ ಮಾನ ಹೋಗುತ್ತದೆಂದು ಒಪ್ಪಿಕೊಂಡೆ. ಗಾಳದ ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಎಸೆಯುವ ಬದಲು ನನ್ನದೇ ಚಪ್ಪಲಿಯ ಮೇಲೆ ಬೀಳಿಸಿಕೊಂಡೆ. ಅವರು ನೋಡಿಯೂ ನೋಡದವರಂತೆ ಸಿಗಡಿಯ ಸಿಪ್ಪೆ ಸುಲಿಯುತ್ತಿದ್ದರು.

ಇಲ್ಲಿ ವಾರ ಶುರುವಾಗುವುದು ಭಾನುವಾರ, ರಜೆ ಶುಕ್ರವಾರ. ಇಗರ್ಜಿಯ ಪೂಜೆಯೂ ಅಂದೇ. ಪೊರ್ಬುಗಳು ಬೆಳಗಿನ ಪೂಜೆ ಮುಗಿಸಿ ನನ್ನ ಕಾರಿಗೆ ಹತ್ತುತ್ತಿದ್ದರು. ಎಗೈಲಾದ ಶಾಪಿಂಗ್ ಮಾಲುಗಳನ್ನು ದಾಟಿ ಕಡಲಿಗೆ ಇಳಿದರೆ ಕಲ್ಲುಗಳ ಒಂದು ಸಾಲು, ಅದೇ ನಮ್ಮ ಜಾಗ. ಅಷ್ಟು ಹಟಮಾರಿ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಳಿತದ ಹೊತ್ತಿನಲ್ಲಿ ನೀರು ಎಲ್ಲೋ ದೂರ ಹೋಗಿ ಬರೀ ಕೆಸರು ಉಳಿಯುತ್ತದೆ. ಭರತ ಬಂದರೆ ಕಲ್ಲಿಗೆ ಕಚ್ಚಿದ ಚಿಪ್ಪುಗಳು ದಾರವನ್ನು ಕತ್ತರಿಸುತ್ತವೆ. ಸಿಗಡಿಯನ್ನು ಏಡಿಗಳು ತಿಂದು ಬರೀ ಕೊಕ್ಕೆಯನ್ನು ನಮಗೆ ವಾಪಸು ಕಳಿಸುತ್ತವೆ. ನಾವು ಕಾಯುತ್ತಿದ್ದದ್ದು ಇಲ್ಲಿಯವರು ಶೇಮ್ ಎನ್ನುವ ಹಳದಿ ರೆಕ್ಕೆಯ ಮೀನಿಗೆ. ಅದು ಚಳಿಗಾಲದಲ್ಲಿ ದಡಕ್ಕೆ ಬರುತ್ತದೆ, ಬಂದರೂ ಬಲು ಅನುಮಾನದ ಪ್ರಾಣಿ. ಮೂರು ಶುಕ್ರವಾರಕ್ಕೆ ಒಂದು ಸಿಕ್ಕರೆ ನಮ್ಮ ಪುಣ್ಯ. ಪೊರ್ಬುಗಳು ಪ್ರತಿ ಸಿಗಡಿಯ ಮೇಲೂ ಶಿಲುಬೆಯ ಗುರುತು ಹಾಕಿ ಎಸೆಯುತ್ತಿದ್ದರು. ಅಷ್ಟೊಂದು ಆಶೀರ್ವಾದ ಪಡೆದ ಏಡಿಗಳು ಬೇರೆ ಯಾವ ಕಡಲಲ್ಲೂ ಇರಲಾರವು.

ಕೊನೆಯ ಚಳಿಗಾಲದಲ್ಲಿ ಅವರು ಕೋಲಿನ ತುದಿಗೆ ಸಣ್ಣ ಗೆಜ್ಜೆಯೊಂದನ್ನು ಕಟ್ಟಿದರು. ಮೀನು ಎಳೆದಾಗ ಕೋಲು ಬಾಗುವುದನ್ನು ನೋಡುವ ಬದಲು ಕಿವಿಯಲ್ಲಿ ಕೇಳಿದರಾಯಿತು ಎಂದರು. ನನಗೆ ಅದೊಂದು ಶೋಕಿಯಾಗಿ ಕಂಡಿತು. ಆಮೇಲೆ ಕೊಕ್ಕೆಗೆ ದಾರ ಪೋಣಿಸಿ ಗಂಟು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆ ವಯಸ್ಸಿಗೆ ಸಹಜವೆಂದುಕೊಂಡೆ. ಎಲ್ಲಕ್ಕೂ ಒಂದು ಸಮಾಧಾನ ಹುಡುಕಿಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ಜನವರಿಯ ಒಂದು ಶುಕ್ರವಾರ, ಮೋಡ ಕವಿದ ಬೆಳಗ್ಗೆ. ಬಿಳಿ ನಿಲುವಂಗಿಯ ಅರಬಿ ಮುದುಕರೊಬ್ಬರು ಕಲ್ಲುಗಳ ಮೇಲೆ ನಿಧಾನವಾಗಿ ನಡೆದು ಬಂದು ಪೊರ್ಬುಗಳ ಎಡಗಡೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು. ಪೊರ್ಬುಗಳು ಕೋಲನ್ನು ಹಿಂದಕ್ಕೆ ತಂದು ಬೀಸಿದರು. ಸೀಸದ ಗುಂಡು ಮುದುಕರ ಕಿವಿಯ ಪಕ್ಕದಲ್ಲೇ ಹಾದು ಹೋಯಿತು. ಅವರು ಬೈಯಲಿಲ್ಲ, ಖಲಾಸ್, ಖಲಾಸ್, ಆಯಿತು ಬಿಡಿ ಎಂಬಂತೆ ಕೈಯೆತ್ತಿ ದೂರ ಸರಿದರು. ಪೊರ್ಬುಗಳು ಎಡಕ್ಕೆ ತಿರುಗಿ, ಅಲ್ಲಿ ಒಬ್ಬರಿದ್ದರೆಂಬುದನ್ನು ಆಗಷ್ಟೇ ಕಂಡರು.

"ಬಿಸಿಲು ಮಾರಾಯ್ರೆ, ಕಣ್ಣಿಗೇ ಹೊಡೀತದೆ," ಎಂದರು.

ಬಿಸಿಲಿರಲಿಲ್ಲ. ಹಗಲು ಹೊತ್ತಿನಲ್ಲಿ ನಾಲ್ಕು ಹೆಜ್ಜೆ ದೂರದ ಬಿಳಿ ಬಟ್ಟೆ ಅವರಿಗೆ ಕಂಡಿರಲಿಲ್ಲ. ನನಗೆ ವ್ಯಾನು ನೆನಪಾಯಿತು. ವ್ಯಾನಿನಿಂದ ಇಳಿದ ಮಕ್ಕಳು ಅಕ್ಕಪಕ್ಕ ನೋಡದೆ ಓಡುತ್ತಾರೆ. ಅವರು ಪಕ್ಕದಿಂದ ಓಡಿಬಂದರೆ ಈ ಕಣ್ಣಿಗೆ ಕಾಣುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಫೀಲನಿಗೆ ಹೇಳಿದರೆ ಅವರ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಲ್ಲಿರುವ ಪರವಾನಗಿಯಾದ ಇಕಾಮಾ ಹೋಗುತ್ತದೆ, ಚಿಕ್ಕ ಮಗಳ ಓದು ಇನ್ನೂ ಒಂದು ವರ್ಷ ಬಾಕಿ. ಗಲ್ಫಿಗೆ ಬಂದ ನಮ್ಮವರಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆಯಿದೆ, ಇನ್ನೊಬ್ಬನ ಅನ್ನಕ್ಕೆ ಕಲ್ಲು ಹಾಕಬಾರದು. ಅದರ ಹಿಂದೆ ಅಡಗಿ ಕೂರುವುದು ಸುಲಭ. ಅವರಿಗೇ ಹೇಳೋಣವೆಂದರೆ ನನಗೆ ಬಾಯಿ ಬರಲಿಲ್ಲ. ಶನಿವಾರ ಫೋನು ಮಾಡಿ, ನನ್ನ ಆಫೀಸಿನ ಸಮಯ ಬದಲಾಗಿದೆ, ಮಗಳನ್ನು ಇನ್ನು ಮೇಲೆ ನಾನೇ ಬಿಡುತ್ತೇನೆ ಎಂದೆ. ಅವರು ಆಗಲಿ ಎಂದರು.

ನಾನು ಮಾಡಿದ್ದು ಇಷ್ಟೇ. ನನ್ನ ಮಗಳನ್ನು ಇಳಿಸಿಕೊಂಡೆ. ಉಳಿದ ಹನ್ನೊಂದು ಮಕ್ಕಳು ಭಾನುವಾರ ಬೆಳಗ್ಗೆ ಎಂದಿನಂತೆ ಆ ವ್ಯಾನು ಹತ್ತಿದರು. ಅವರ ಹಿಂದೆಯೇ ನಾನು ನನ್ನ ಕಾರಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋದೆ.

ಮುಂದಿನ ಶುಕ್ರವಾರವೂ ಕಲ್ಲುಗಳ ಮೇಲೆ ಕುಳಿತೆವು. ನಾನು ಕೊಕ್ಕೆಗೆ ದಾರ ಕಟ್ಟುತ್ತಿದ್ದೆ. ಅವರು ನೀರಿನ ಕಡೆಗೇ ಮುಖ ಮಾಡಿ ಕೇಳಿದರು:

"ನಿಮ್ಮ ಮಗಳೊಬ್ಬಳೇ ಸಾಕಾ ಮಾರಾಯ್ರೆ? ಇನ್ನೂ ಹನ್ನೊಂದು ಮಕ್ಕಳುಂಟಲ್ಲ ವ್ಯಾನಲ್ಲಿ."

ಏನು ಹೇಳಿದೆ ಗೊತ್ತೇ? ಭರತ ಏರುತ್ತಿದೆ, ಬೇಗ ಎಸೆಯಿರಿ ಎಂದೆ. ಈ ಮಾತನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ. ಅವರು ಅಂದು ಎಸೆಯಲಿಲ್ಲ. ಕೋಲನ್ನು ಬಟ್ಟೆಯಲ್ಲಿ ಸುತ್ತಿಟ್ಟು, ನಾನೊಬ್ಬನೇ ಏಡಿಗಳಿಗೆ ಉಣಿಸುವುದನ್ನು ನೋಡುತ್ತ ಕುಳಿತರು.

ಶನಿವಾರ ಅವರು ಕಫೀಲನಿಗೆ ವ್ಯಾನಿನ ಕೀಲಿ ಕೊಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೊಂದು ಮನೆಗೂ ಹೋಗಿ ಬಾಗಿಲು ತಟ್ಟಿ, ನನ್ನ ಕಣ್ಣು ಪಕ್ಕಕ್ಕೆ ಕಾಣುವುದಿಲ್ಲ, ನಾಳೆಯಿಂದ ಬೇರೆಯವರು ಬರುತ್ತಾರೆ ಎಂದು ತಾವೇ ಹೇಳಿದರು. ಒಬ್ಬ ತಂದೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ಮೆಟ್ಟಿಲ ಮೇಲೇ ಕೂಗಾಡಿದರಂತೆ. ಪೊರ್ಬುಗಳು ತಲೆ ತಗ್ಗಿಸಿ ಕೇಳಿಸಿಕೊಂಡರಂತೆ. ಆ ಬೈಗುಳದಲ್ಲಿ ನನಗೂ ಪಾಲಿತ್ತು. ನನ್ನ ಮನೆಗೆ ಅವರು ಬರಲಿಲ್ಲ, ಬಂದು ಹೇಳುವ ಅಗತ್ಯವಿರಲಿಲ್ಲವಲ್ಲ. ತಿಂಗಳೊಳಗೆ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟೆ. ದಾರಿಯುದ್ದಕ್ಕೂ ಇಬ್ಬರೂ ಹವೆಯ ಬಗ್ಗೆ ಮಾತಾಡಿದೆವು.

ಆಮೇಲೆ ಕ್ರಿಸ್ಮಸ್ಸಿಗೊಂದು ಶುಭಾಶಯ, ಅಷ್ಟೇ. ಮೊನ್ನೆ ಸೂಜಿಯನ್ನು ಪಕ್ಕಕ್ಕಿಟ್ಟು ಅವರಿಗೆ ಫೋನು ಮಾಡಿದೆ. ಚಿಕ್ಕ ಮಗಳು ಎತ್ತಿಕೊಂಡಳು. ಓದು ನಾಲ್ಕೈದು ವರ್ಷ ನಿಂತುಹೋಗಿತ್ತಂತೆ, ಈಗಷ್ಟೇ ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಅಪ್ಪನಿಗೆ ಈಗ ಬೆಳಕು ಕತ್ತಲೆ ಮಾತ್ರ ತಿಳಿಯುತ್ತದೆ ಎಂದು ಹೇಳಿ ಫೋನನ್ನು ಅವರ ಕೈಗೆ ಕೊಟ್ಟಳು.

ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, ಆರು ವರ್ಷ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದೆ. ಅಂದು ನಿಮಗೆ ನೇರವಾಗಿ ಹೇಳಬೇಕಿತ್ತು, ಹೇಳಲಿಲ್ಲ.

"ಹೌದು, ಹೇಳ್ಬೇಕಿತ್ತು," ಎಂದರು ಪೊರ್ಬುಗಳು. ಸಿಟ್ಟಿರಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ.

ಮತ್ತೆ ಅವರೇ ಮಾತು ತೆಗೆದರು. ಮಕ್ಕಳ ಬಗ್ಗೆ ಕೇಳತೊಡಗಿದರು. ರುಮೈಥಿಯಾದ ಮೊದಲ ತಿರುವಿನಲ್ಲಿ ಹತ್ತುತ್ತಿದ್ದ ಕೇರಳದ ಅವಳಿಗಳು ಈಗ ಯಾವ ಕ್ಲಾಸು? ಔಷಧಿ ಅಂಗಡಿಯ ಮಹಡಿಯ ಹುಡುಗಿಗೆ ಉಬ್ಬಸ ಕಡಿಮೆಯಾಯಿತಾ? ಕಿಟಕಿಯ ಸೀಟಿಗೆ ದಿನಾ ಜಗಳ ಮಾಡುತ್ತಿದ್ದ ಗೋವಾದವನು? ಸ್ಟಾಪಿನಿಂದ ಸ್ಟಾಪಿಗೆ, ವ್ಯಾನು ಓಡಿಸಿದ ದಾರಿಯಲ್ಲೇ ಕೇಳುತ್ತ ಹೋದರು. ಕೊನೆಕೊನೆಗೆ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ, ಗುಡ್ ಮಾರ್ನಿಂಗ್ ಅಂಕಲ್ ಎನ್ನುವ ಸ್ವರದಲ್ಲೇ ಯಾರು ಹತ್ತಿದರೆಂದು ಲೆಕ್ಕ ಇಡುತ್ತಿದ್ದೆ ಎಂದರು. ಹನ್ನೊಂದರಲ್ಲಿ ಒಂದು ಮಗುವಿನ ಹೆಸರೂ ನನಗೆ ಗೊತ್ತಿರಲಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೇಳಲು ಹೊರಟು, ಈ ಸಲ ತಡೆದುಕೊಂಡೆ. ಗೊತ್ತಿಲ್ಲ ಪೊರ್ಬುಗಳೇ, ವಿಚಾರಿಸಿ ಹೇಳುತ್ತೇನೆ ಎಂದೆ.

ಫೋನಿಟ್ಟು ಮಗಳ ಕೋಣೆಗೆ ಹೋದೆ. ಅವಳಿಗೀಗ ಹದಿನಾಲ್ಕು. ಫೆಲಿಕ್ಸ್ ಅಂಕಲ್ ವ್ಯಾನಿನಲ್ಲಿ ನಿನ್ನೊಡನೆ ಬರುತ್ತಿದ್ದವರ ಹೆಸರು ನೆನಪಿದೆಯೇ ಎಂದು ಕೇಳಿದೆ. ಅವಳು ಬೆರಳು ಮಡಚುತ್ತ ಒಂಬತ್ತು ಹೆಸರು ಹೇಳಿದಳು. ನಾನು ಬರೆದುಕೊಂಡೆ. ಉಳಿದ ಇಬ್ಬರು ಯಾರೆಂದು ಕೇಳಿದಾಗ ಅವಳು ನನ್ನ ಮುಖ ನೋಡಿದಳು.

"ವೈ ನೌ, ಪಪ್ಪಾ?"

ಅವಳ ಮಂಚದ ತುದಿಯಲ್ಲಿ ಕುಳಿತು, ಆ ಶುಕ್ರವಾರದಿಂದ ಶುರುಮಾಡಿ ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು, ನನ್ನನ್ನು ಸಮಾಧಾನ ಮಾಡಲಿಲ್ಲ.