ಸೋಡಾ ಪೆಟ್ಟಿಗೆಯ ಉಬ್ಬಕ್ಷರ

ಬಾಲಾನಗರದ ಆ ಶೆಡ್ಡಿಗೆ ನಾನು ಸೇರಿದ್ದು ತಗಡು ತಿಕ್ಕುವ ಕೆಲಸಕ್ಕೆ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಕಟ್ಟಡ ಹೊಸದಾದಷ್ಟೂ ಒಳಗಿನವರಿಗೆ ಹಳೇ ಸಾಮಾನಿನ ಹುಚ್ಚು ಹೆಚ್ಚು. ಮುಚ್ಚಿದ ಟಾಕೀಸುಗಳಲ್ಲಿ, ಚಹಾ ಹೋಟೆಲುಗಳಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸೋಡಾ ಪೆಟ್ಟಿಗೆಗಳನ್ನು, ಅಂದರೆ ಬಾಟಲಿಗಳನ್ನು ಐಸಿನಲ್ಲಿಡುತ್ತಿದ್ದ ತಗಡಿನ ಪೆಟ್ಟಿಗೆಗಳನ್ನು, ಶೆಡ್ಡಿನ ಉಸ್ತಾದರು ತಂದು ರಿಪೇರಿ ಮಾಡಿ ಆ ಕಂಪನಿಗಳ ಕ್ಯಾಂಟೀನುಗಳಿಗೆ ಕೊಡುತ್ತಿದ್ದರು.

ಅದಕ್ಕೂ ಮೊದಲು ನಾನು ಅಂಗಡಿ ಬೋರ್ಡು ಬರೆಯುತ್ತಿದ್ದೆ. ಲಿಂಗಸುಗೂರಿನಿಂದ ಬಂದ ನನಗೆ ತೆಲುಗು ಮಾತಾಡಲು ನಾಲಿಗೆ ತೊಡರುತ್ತಿತ್ತು, ಬರೆಯಲು ಮಾತ್ರ ಎಂದೂ ಕೈ ತೊಡರಿದ್ದಿಲ್ಲ. ಆಮೇಲೆ ಒಂದು ಜ್ವರ ಬಂತು. ಜ್ವರ ಇಳಿಯಿತು, ಬಲಗೈಯಲ್ಲಿ ನಡುಕ ಉಳಿಯಿತು. ಬ್ರಷ್ ಹಿಡಿದರೆ ಗೆರೆ ಸೊಟ್ಟ. ಹೆಂಡತಿ ಮಿಯಾಪುರದ ಅಪಾರ್ಟ್‌ಮೆಂಟೊಂದರಲ್ಲಿ ನನಗೆ ವಾಚ್‌ಮನ್ ಕೆಲಸ ಮಾತಾಡಿ ಇಟ್ಟಿದ್ದಳು. ಪಾಪ, ಅವಳದೇನು ತಪ್ಪು? ಆದರೆ ಒಮ್ಮೆ ಗೇಟಿನ ಮುಂದೆ ಕೂತರೆ ಮತ್ತೆ ಬಣ್ಣ ಮುಟ್ಟುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಉಗಾದಿ ಮುಗಿಯಲಿ ಎಂದು ಸಿಡುಕಿ ದಿನ ತಳ್ಳುತ್ತಿದ್ದೆ.

ಉಸ್ತಾದರು ಒಮ್ಮೆ ಬ್ರಷ್ ಕೊಟ್ಟು ನೋಡಿದ್ದರು. ಕೆಂಪು ಬಳಿದ ಪೆಟ್ಟಿಗೆಯ ಮೈಯಲ್ಲಿ ಉಬ್ಬಿ ನಿಂತ ಸೋಡಾ ಕಂಪನಿಯ ಹೆಸರಿನ ಅಕ್ಷರಗಳಿಗೆ ಬಿಳಿ ಹಚ್ಚಬೇಕಿತ್ತು. ನಾನು ಹಚ್ಚಿದ ಬಿಳಿ ಅಂಚು ದಾಟಿ ಕೆಂಪಿನ ಮೇಲೆಲ್ಲ ಹರಿಯಿತು. ಅವರು ಥಿನ್ನರ್ ಬಟ್ಟೆಯಿಂದ ಅದನ್ನು ಒರೆಸಿ, ಬ್ರಷ್ ತೆಗೆದಿಟ್ಟರು. ಬೈದಿದ್ದರೆ ವಾಸಿಯಿತ್ತು.

ಊಟಕ್ಕೆ ಮುಂಚೆ ಕೈಕಾಲು ತೊಳೆದು ವಿಭೂತಿ ಹಚ್ಚಿಕೊಳ್ಳುವುದು ನಮ್ಮ ಮನೆಯ ರೂಢಿ. ಶೆಡ್ಡಿನಲ್ಲೂ ಅದನ್ನು ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಹಣೆಯ ಮೇಲೆ ಮೂರು ಬೆರಳು ಎಳೆಯುತ್ತಿದ್ದಾಗ ಉಸ್ತಾದರು ಚಹಾ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದರು. ಅವರ ತಾಯಿಯ ತವರು ರಾಯಚೂರು, ಹಾಗಾಗಿ ನನ್ನೊಡನೆ ಕನ್ನಡದಲ್ಲೇ ಮಾತು.

“ಈಗ್ಯಾಕ ನಿನ್ನ ಕೈ ನಡುಗಲಿಲ್ಲ?”

ನನಗೆ ರೇಗಿತು. “ಬೆರಳು ಹಣಿ ಮ್ಯಾಲೆ ಊರಿರ್ತಾವಲ್ರಿ ಉಸ್ತಾದ್, ಹೆಂಗ್ ನಡುಗ್ತಾವ?”

“ಹಂಗಾದ್ರ ಬ್ರಷ್ ಬಿಡು. ಉಂಡು ಬಾ.”

ಉಂಡು ಬರುವಷ್ಟರಲ್ಲಿ ಕೆಂಪು ಒಣಗಿದ್ದ ಪೆಟ್ಟಿಗೆಯೊಂದನ್ನು ಅಂಗಾತ ಮಲಗಿಸಿದ್ದರು. ನನ್ನ ಮೂರು ಬೆರಳಿಗೆ ಹಳೇ ಮೆತ್ತನೆಯ ಬಟ್ಟೆ ತಾವೇ ಸುತ್ತಿದರು. ಗಾಜಿನ ಚೂರಿನ ಮೇಲೆ ಬಿಳಿ ಪೇಂಟು ತೆಳ್ಳಗೆ ಹರಡಿ, “ತಗಡಿಗೆ ವಿಭೂತಿ ಹಚ್ಚಾಕತ್ತೀನಿ ಅಂತ ತಿಳ್ಕೋ” ಎಂದರು.

ಮೊದಲ ಸಲ ಒತ್ತಿಬಿಟ್ಟೆ, ಬಿಳಿ ಸಂದಿಗಿಳಿಯಿತು. ಒರೆಸಿ, ಬಟ್ಟೆಯ ಹೆಚ್ಚಿನ ಪೇಂಟನ್ನು ಪೇಪರಿಗೆ ತಟ್ಟಿ, ಹಣೆಗೆ ಎಳೆಯುವಷ್ಟೇ ಹಗುರವಾಗಿ ಎಳೆದೆ. ಉಬ್ಬಿದ್ದಷ್ಟೇ ಬೆಳ್ಳಗಾಯಿತು. ಅಂಚು ಕಾಯುವ ಕೆಲಸ ತಗಡೇ ಮಾಡಿತು. ಒಂದೊಂದೇ ಅಕ್ಷರ ಎದ್ದು ಬಂತು.

ಈ ಕೆಲಸಕ್ಕೆಂದೇ ಸಣ್ಣ ರಬ್ಬರ್ ರೋಲರ್ ಸಿಗುತ್ತದೆ. ಉಸ್ತಾದರ ಕಪಾಟಿನಲ್ಲೂ ಒಂದಿತ್ತೆಂದು ಆಮೇಲೆ ತಿಳಿಯಿತು. ಚಹಾ ಆರುವುದರೊಳಗೆ ಅವರೇ ಮುಗಿಸಬಹುದಿತ್ತು. ನಾನು ಆ ಶೆಡ್ಡಿನಲ್ಲಿದ್ದಷ್ಟು ಕಾಲ ಅವರು ಅದನ್ನು ಹೊರಗೆ ತೆಗೆಯಲಿಲ್ಲ, ಯಾಕೆಂದು ನಾನೂ ಕೇಳಲಿಲ್ಲ. ಈ ಜನ್ಮದಲ್ಲಿ ಆ ಋಣ ತೀರುವಂಥದ್ದಲ್ಲ.

ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ, “ಮಿಯಾಪುರದವರಿಗೆ ಬ್ಯಾರೆ ಯಾರನ್ನರ ನೋಡ್ಕೋರಿ ಅಂತ ಹೇಳು. ಉಸ್ತಾದ್ ಅಕ್ಷರದ ಕೆಲಸ ಕೊಟ್ಟಾರ.”

ಅವಳು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು. “ನಡುಕ ನಿಂತದೇನ್ರಿ?”

“ಇಲ್ಲ. ಇನ್ನೂ ಐತಿ. ಅಕ್ಷರಕ್ಕ ಗೊತ್ತಾಗಂಗಿಲ್ಲ, ಅಷ್ಟ.”

ಅವಳು ಕೈ ಬಿಡದೆ ಅಲ್ಲೇ ಕೂತು ಅತ್ತಳು.