ಮಗಳು ಆರಿಸಿದ ಲೆಕ್ಕದ ಪುಸ್ತಕ

ಮಗಳನ್ನು ಶಾಲೆ ಬಿಡಿಸಿದ್ದೇ ಲೆಕ್ಕದ ಕಾರಣಕ್ಕೆ. ಆದವಾನಿಯ ಆ ಶಾಲೆಯಲ್ಲಿ ಮೇಡಂ ಗಡಿಯಾರ ಎದುರಿಗಿಟ್ಟುಕೊಂಡು ಮಗ್ಗಿ ಕೇಳುತ್ತಿದ್ದರು. ಬೇಗ ಹೇಳು, ಬೇಗ ಹೇಳು ಎಂದು ತೆಲುಗಿನಲ್ಲಿ ಅವಸರಪಡಿಸಿದಷ್ಟೂ ಈಕೆಯ ನಾಲಿಗೆ ಹೊರಳುತ್ತಿರಲಿಲ್ಲ. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಅಂಕಿ ಕಂಡರೆ ಹೊಟ್ಟೆನೋವು ಅನ್ನತೊಡಗಿದಳು. ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಓದಿದ್ದೆಲ್ಲ ಒಗ್ಗರಣೆಗೇ ಆಯಿತೆಂದು ತವರಿನವರು ಚುಚ್ಚುತ್ತಿದ್ದರು. ಇವಳಿಗೂ ಇವಳ ತಮ್ಮನಿಗೂ ಮನೆಯಲ್ಲೇ ನಾನು ಕಲಿಸುತ್ತೇನೆಂದು ಹಟ ಹಿಡಿದೆ.

ಯಾವ ಪುಸ್ತಕ ಇಟ್ಟುಕೊಳ್ಳುವುದೆಂಬುದೇ ದೊಡ್ಡ ರಗಳೆಯಾಯಿತು. ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇದ್ದ ಆಂಧ್ರದ ಪುಸ್ತಕ. ಮಾಧವರಂ ಸೇತುವೆಯಾಚೆ ರಾಯಚೂರಿನಿಂದ ತರಿಸಿದ ಕನ್ನಡದ್ದು. ಆನ್‌ಲೈನಿನಲ್ಲಿ ತರಿಸಿದ ಎರಡು ಬಗೆ. ಹತ್ತಿ ಮಿಲ್ಲಿನ ಆಫೀಸಿನಲ್ಲಿರುವ ನಮ್ಮ ಯಜಮಾನರಿಗೆ, ಪಾಠ ಮುಗಿದ ಕೂಡಲೇ ನಿಮಿಷ ಎಣಿಸಿ ಪರೀಕ್ಷೆ ಮಾಡುವ ಪುಸ್ತಕವೇ ಬೇಕು. ನನಗೆ ಕಾಗದ ಮಡಚಿ, ಬೀಜ ಎಣಿಸಿ, ಸೇರಿನಿಂದ ಅಳೆದು ಕಲಿಸುವಂಥದ್ದು. ವಾರವಿಡೀ ಜಗ್ಗಾಡಿದೆವು. ಕೊನೆಗೆ, ಕಲಿಯುವವಳೇ ಆರಿಸಲಿ ಅಂದೆ. ಆಕೆ ಒಂದೊಂದನ್ನೇ ತಿರುವಿ ನೋಡಿ, ಗಡಿಯಾರದ ಚಿತ್ರವಿದ್ದ ಪುಸ್ತಕವನ್ನು ದೂರ ಸರಿಸಿ, ಬೀಜದ ಪುಸ್ತಕವನ್ನು ತೊಡೆಗೆ ಎಳೆದುಕೊಂಡಳು. ಇವರು ನಕ್ಕುಬಿಟ್ಟರು.

"ಆತು ಬಿಡು. ಇನ್ನ ಮ್ಯಾಲೆ ಲೆಕ್ಕ ನಿಂದು. ನಾ ನಡುವ ಬರಂಗಿಲ್ಲ" ಅಂದರು.

ನಾನು ನಂಬಿದೆ. ಗಂಡನ ಮಾತನ್ನು ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆಯೇ?

ಒಂದು ವರ್ಷ ಚೆನ್ನಾಗಿ ನಡೆಯಿತು. ಹುಣಸೆಬೀಜ ಗುಂಪು ಮಾಡಿ ಗುಣಾಕಾರ, ರೊಟ್ಟಿ ಮುರಿದು ಭಿನ್ನರಾಶಿ. ಮಗಳು ತಪ್ಪುತ್ತಿದ್ದಳು, ಮತ್ತೆ ಎಣಿಸುತ್ತಿದ್ದಳು, ಆಮೇಲೆ ಕಣ್ಣರಳಿಸಿ "ಈಗ ತಿಳೀತಮ್ಮ" ಅನ್ನುತ್ತಿದ್ದಳು. ಆ ಒಂದು ಮಾತಿಗೆ ನನಗೆ ಹಸಿವೂ ಮರೆಯುತ್ತಿತ್ತು. ಶನಿವಾರ, ಭಾನುವಾರ ಸಂಜೆ ಅವರಪ್ಪ ಆಕೆಯನ್ನು ಅತ್ತೆಯವರ ಮನೆಗೆ ಕರೆದೊಯ್ಯುತ್ತಿದ್ದರು. ಮಗಳಿಗೆಂದು ಇಷ್ಟು ಸಮಯ ಕೊಡುವ ಗಂಡಸು ಎಷ್ಟು ಮಂದಿಗೆ ಸಿಗುತ್ತಾನೆಂದು ಬೀಗುತ್ತ, ನಾನು ಮಗನನ್ನು ಕೂಡಿಸಿಕೊಂಡು ಮುಂದಿನ ಪಾಠಕ್ಕೆ ರಟ್ಟು ಕತ್ತರಿಸುತ್ತಿದ್ದೆ.

ಮಾಧವರಂನಲ್ಲಿ ಸಂಬಂಧಿಕರ ಮನೆಯ ಮುಂಜಿವೆ. ಪಂಕ್ತಿಗೆ ಇಪ್ಪತ್ತಮೂರು ಎಲೆಯಂತೆ ಎಂಟು ಪಂಕ್ತಿಯಾದರೆ ಎಲೆಗೊಂದರ ಲೆಕ್ಕದಲ್ಲಿ ಹೋಳಿಗೆ ಎಷ್ಟು ಬೇಕೆಂದು ಅಡುಗೆಯವರು ಕೂಗಿ ಕೇಳಿದರು. ಯಾರೋ ಫೋನ್ ತೆಗೆದರು. ಅಷ್ಟರಲ್ಲಿ ನನ್ನ ಮಗಳ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಕಾಣದ ಮಣಿಗಳನ್ನು ಪಟಪಟ ಸರಿಸಿದವು. ನೂರಾ ಎಂಬತ್ತನಾಲ್ಕು ಅಂದಳು. ಎಲ್ಲರೂ ಶಹಬ್ಬಾಸ್ ಅಂದರು. ನಾನು ಬೆರಳನ್ನೇ ನೋಡುತ್ತಿದ್ದೆ. ಅದು ನಾನು ಕಲಿಸಿದ್ದಲ್ಲ.

ಪಕ್ಕದಲ್ಲಿದ್ದ ವಾರಗಿತ್ತಿ ಹೆಮ್ಮೆಯಿಂದಲೇ ಹೇಳಿದಳು: "ಅಬಾಕಸ್ ಕ್ಲಾಸಿಗೆ ಹೋಗ್ತಾಳಲ್ರಿ ಅಕ್ಕ, ಅದಕ್ಕ. ನಮ್ಮ ಹುಡುಗನೂ ಅಲ್ಲೇ ಬರ್ತಾನ. ಭಾವನೋರೇ ಕರ್ಕೊಂಡ್ ಬರ್ತಾರ, ಶನಿವಾರ, ಭಾನುವಾರ."

ಅತ್ತೆಯವರು ಸೆರಗು ಸರಿಮಾಡಿಕೊಳ್ಳುತ್ತ ಆಚೆ ಹೋದರು. ಊರಿಗೆಲ್ಲ ಗೊತ್ತು, ಕಲಿಸುವವಳಿಗೆ ಮಾತ್ರ ಗೊತ್ತಿಲ್ಲ. ನಂಬಿಸಿ ಕತ್ತು ಕುಯ್ಯುವುದು ಅಂದರೆ ಇದೇ.

ಮನೆಗೆ ಬಂದ ಮೇಲೆ ಇವರು ತಲೆ ತಗ್ಗಿಸಲಿಲ್ಲ. ನಾಳೆ ಎಂಟ್ರೆನ್ಸ್ ಬರೆಯುವಾಗ ಹುಣಸೆಬೀಜ ಎಣಿಸಲು ಟೈಮ್ ಯಾರು ಕೊಡುತ್ತಾರೆ, ಹೇಳಿದ್ದರೆ ನೀನು ಒಪ್ಪುತ್ತಿದ್ದೆಯಾ ಎಂದು ನನ್ನನ್ನೇ ಕೇಳಿದರು. ಒಪ್ಪುತ್ತಿರಲಿಲ್ಲ, ಜಗಳವಾಡುತ್ತಿದ್ದೆ. ಆದರೆ ಜಗಳವಾಡುವ ಹಕ್ಕು ನನಗಿತ್ತು. ಅದನ್ನೂ ಕಸಿದುಕೊಂಡರಲ್ಲ.

ಮಗಳ ಜಡೆ ಬಿಚ್ಚುತ್ತ ಆಕೆಯನ್ನೂ ಕೇಳಿದೆ. ಹೇಳಬೇಡವೆಂದು ಅಪ್ಪ ಅಂದಿದ್ದರಂತೆ. ಅದು ನನಗೆ ಅರ್ಥವಾಗುವ ಮಾತು. ಅರ್ಥವಾಗದೆ ಉಳಿದದ್ದು ಇನ್ನೊಂದು. ಅಷ್ಟೆಲ್ಲ ಬರುವವಳು ನೀನು, ನನ್ನ ಮುಂದೆ ಯಾಕೆ ತಪ್ಪುತ್ತಿದ್ದೆ, ಯಾಕೆ ಮತ್ತೆ ಮತ್ತೆ ಬೀಜ ಎಣಿಸುತ್ತಿದ್ದೆ ಎಂದೆ.

ಆಕೆ ಹೇಳಿದಳು: "ನೀ ಹೇಳಿಕೊಡುವಾಗ ಭಾಳ ಖುಷಿ ಇರ್ತಿದ್ದಿ ಅಮ್ಮ. ಅದಕ್ಕ ತಪ್ಪು ಹೇಳ್ತಿದ್ದೆ."

ಗಂಡನ ಮೇಲಿನ ಸಿಟ್ಟನ್ನು ಹೊರಗೆ ಹಾಕಲು ನನಗೆ ಬಾಯಿತ್ತು. ಈ ಮಾತು ಕೇಳಿ, ಬಿಚ್ಚಿದ ಜಡೆಯನ್ನೇ ಮತ್ತೆ ಹೆಣೆಯತೊಡಗಿದೆ. ಎಷ್ಟು ದಿನ ಆ ಮಗು ನನ್ನಿಂದ ಪಾಠ ಹೇಳಿಸಿಕೊಂಡಿತು, ಎಷ್ಟು ದಿನ ನನ್ನನ್ನು ಆಡಿಸಿತು?

ಮರುದಿನ ಬೆಳಿಗ್ಗೆ ಇಬ್ಬರನ್ನೂ ಕೂಡಿಸಿಕೊಂಡೆ. ತಮ್ಮನಿಗೆ ಕೂಡುವ ಲೆಕ್ಕ ಬರೆದುಕೊಟ್ಟು, ಇವಳಿಗೆ ಹೊಸ ಪಾಠದಿಂದ ಒಂದು ಪ್ರಶ್ನೆ ಕೇಳಿದೆ. ಆಕೆ ಪುಸ್ತಕ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಉತ್ತರ ಬರಲಿಲ್ಲ. ನಿಜವಾಗಿ ಯೋಚಿಸುತ್ತಿದ್ದಳೋ, ನನಗೋಸ್ಕರ ತಡ ಮಾಡುತ್ತಿದ್ದಳೋ, ಹೆತ್ತವಳಿಗೇ ಗೊತ್ತಾಗಲಿಲ್ಲ.